ಕೌದಿಯೊಳಗಿನ ಚೌಕಾಶಿ

ದನದ ಪೇಟೆಯಲ್ಲಿ ಬಾಯಿ ಬಿಟ್ಟು ಬೆಲೆ ಹೇಳುವವನು ಹೊಸಬ, ಇಲ್ಲವೇ ದಡ್ಡ. ಬೈಲಹೊಂಗಲದ ಪೇಟೆಯಲ್ಲಿ ನಾನು ಮೂವತ್ತು ವರ್ಷ ಎತ್ತುಗಳ ದಲಾಲಿ ಮಾಡಿದೆ. ಅಷ್ಟು ವರ್ಷಗಳಲ್ಲಿ ಒಂದು ಜೋಡಿಯ ಬೆಲೆಯೂ ನನ್ನ ತುಟಿ ದಾಟಿ ಹೊರಗೆ ಬಿದ್ದಿಲ್ಲ. ಮಾರುವವನ ಕೈಯನ್ನು ನನ್ನ ಕೈಯೊಳಗೆ ತೆಗೆದುಕೊಂಡು, ಹೆಗಲ ಮೇಲಿನ ವಲ್ಲಿಯನ್ನು ಎರಡರ ಮೇಲೂ ಹೊದಿಸಿ, ಒಳಗೆ ಬೆರಳು ಹಿಡಿದು ಮಾತಾಡಬೇಕು. ಒಂದು ಬೆರಳು ಹಿಡಿದು ಒತ್ತಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಹಸ್ತ ಹಿಡಿದರೆ ಐದು. ಐದರ ಮೇಲೆ ಹೋಗಬೇಕಾದರೆ ಹಸ್ತವನ್ನು ಒಮ್ಮೆ ಹಿಡಿದು ಬಿಟ್ಟು ಮತ್ತೆ ಬೆರಳಿಗೆ ಬರಬೇಕು. ಸುತ್ತ ನಿಂತವರಿಗೆ ವಲ್ಲಿ ಅಲುಗುವುದು ಕಾಣುತ್ತದೆಯೇ ಹೊರತು ಬೆಲೆ ಕಾಣುವುದಿಲ್ಲ. ಮುಖದ ಮೇಲೆ ಏನನ್ನೂ ತೋರಿಸಬಾರದು. ಬೇಕಾದರೆ ಮಳೆ ಬೆಳೆ ಮಾತಾಡಿ, ಎಲೆ ಅಡಿಕೆ ಹಾಕಿಕೊಳ್ಳಿ. ಕೈಯ ಕೆಲಸ ಕೈಗೆ ಗೊತ್ತಿದ್ದರೆ ಸಾಕು.

ಇದಕ್ಕೆ ಒಂದು ನಿಯಮವಿದೆ. ಯಾರಾದರೂ ಕೈಯನ್ನು ವಲ್ಲಿಯಿಂದ ಹೊರಗೆ ತೆಗೆದರೆ ಸೌದಾ ಸತ್ತಂತೆ. ತೆಗೆದವನ ಕೈಯನ್ನು ಮತ್ತೆ ಹಿಡಿಯಲು ಹೋಗುವವನು ಅಲ್ಲಿಗೇ ಸೋತ. ಮಾಲು ನಿಜವಾಗಿ ಬೇಕಿದ್ದರೆ ಬೆನ್ನು ತೋರಿಸಿ ನಡೆಯಬೇಕು. ಹತ್ತರಲ್ಲಿ ಎಂಟು ಸಲ ಹಿಂದಿನಿಂದ ‘ದಲಾಲರ, ನಿಂದರ್ರಿ’ ಎಂಬ ಕೂಗು ಬರುತ್ತದೆ. ಉಳಿದೆರಡು ಸಲ ಮಾಲು ಹೋಗುತ್ತದೆ. ಹೋಗಲಿ, ನಾಡಿನಲ್ಲಿ ಎತ್ತುಗಳಿಗೆ ಬರವೇನಿಲ್ಲ. ನನ್ನ ಹತ್ತಿರ ಪಳಗಿದವರಿಗೆಲ್ಲ ನಾನು ಮೊದಲು ಕಲಿಸಿದ್ದು ಇದನ್ನೇ. ತಿರುಗಿ ನೋಡಬೇಡಿ, ಹೆಜ್ಜೆ ನಿಧಾನ ಮಾಡಬೇಡಿ, ಗೋಗರೆಯಬೇಡಿ. ಗೋಗರೆದರೆ ಕಿಮ್ಮತ್ತು ಏರುತ್ತದೆ.

ನಾನು ಹುಟ್ಟಿದ್ದು ಕಿತ್ತೂರಿನಲ್ಲಿ. ಅಪ್ಪ ಊರವರ ದನ ಕಾಯುತ್ತಿದ್ದ. ಬಿದ್ದ ಕೋಟೆಗೋಡೆಯ ಬುಡದಲ್ಲಿ ಬೆಳೆದ ಹುಲ್ಲನ್ನು ಆ ದನಗಳು ಮೇಯುತ್ತಿದ್ದವು. ಅವುಗಳಲ್ಲಿ ನಮ್ಮದು ಎನ್ನುವ ಒಂದು ಬಾಲವೂ ಇರಲಿಲ್ಲ. ಹಲ್ಲು ನೋಡಿ ವಯಸ್ಸು ಹೇಳುವುದನ್ನು, ಗೊರಸಿನ ಸಪ್ಪಳದಿಂದ ಕುಂಟು ಹಿಡಿಯುವುದನ್ನು ಅಲ್ಲೇ ಕಲಿತೆ. ಯಾರೂ ಕಲಿಸಲಿಲ್ಲ, ಯಾರೂ ಕೊಡಲಿಲ್ಲ. ಬೈಲಹೊಂಗಲದಲ್ಲಿ ಮನೆ ಕಟ್ಟಿಸಿದಾಗ ಕಲ್ಲಿನವನ ಜೊತೆ, ತೊಲೆಯವನ ಜೊತೆ, ಕೊನೆಗೆ ವಾಸ್ತು ನೋಡಲು ಬಂದ ಸ್ವಾಮಿಗಳ ಜೊತೆಗೂ ಚೌಕಾಶಿ ಮಾಡಿದೆ. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲವೊಂದಿತ್ತು.

ಹೆಂಡತಿ ತೊರಗಲ್ಲಿನವಳು, ಕೋಟೆಯ ಕೆಳಗಿನ ಓಣಿಯ ಮನೆತನ. ರಾಮದುರ್ಗದ ಕಡೆ ಎತ್ತು ತರಲು ಹೋದವನು ಹೆಣ್ಣು ನೋಡಿ ಬಂದೆ. ನಮ್ಮಿಬ್ಬರ ನಡುವೆ ಮಾತು ಎಷ್ಟಿತ್ತು ಎಂದು ಈಗ ಕುಳಿತು ಹುಡುಕಿದರೆ ಬಹಳವೇನೂ ಸಿಗುವುದಿಲ್ಲ. ‘ನೀರು ಕಾದಾವು.’ ‘ಹೂಂ.’ ‘ನಾಳೆ ರಾಮದುರ್ಗಕ್ಕ ಹೊಂಟೇನಿ.’ ‘ರೊಟ್ಟಿ ಎಷ್ಟು ಕಟ್ಟಲಿ?’ ಇಷ್ಟು. ಜಗಳವಿರಲಿಲ್ಲ, ಹೊಡೆತವಿರಲಿಲ್ಲ, ಓಣಿಯವರು ಒಳ್ಳೆಯ ಜೋಡಿ ಎನ್ನುತ್ತಿದ್ದರು. ಎತ್ತುಗಳಿಗೂ ಹಾಗೆಯೇ ಅನ್ನುತ್ತಾರೆ, ಒಂದೇ ನೊಗಕ್ಕೆ ಹೆಗಲು ಕೊಟ್ಟು ಸುಮ್ಮನೆ ನಡೆದರೆ. ಇಬ್ಬರು ಮಕ್ಕಳು ಹುಟ್ಟಿದರು, ಉಳಿಯಲಿಲ್ಲ. ಆಮೇಲೆ ಗಂಡ ಸತ್ತ ನನ್ನ ಅಕ್ಕ ಬಂದು ನಮ್ಮ ಜೊತೆಗೇ ಉಳಿದಳು. ಮನೆಯಲ್ಲಿ ಮೂವರು.

ಪ್ಲೇಗು ಇಳಿದು, ಹೊಲದಲ್ಲಿ ಹಾಕಿದ್ದ ಗುಡಿಸಲುಗಳನ್ನು ಕಿತ್ತು ಜನ ಊರೊಳಗೆ ಬಂದ ಮರುವರ್ಷ ಅದು. ಹತ್ತಿ ಬಿಡಿಸುವ ದಿನಗಳು. ನಾನು ಪಡಸಾಲೆಯಲ್ಲಿ ಒಬ್ಬ ರೈತನ ಕೈ ಹಿಡಿದು ಕುಳಿತಿದ್ದೆ. ಒಳಗೆ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳ ನಿಂತಿತು. ನಿಂತದ್ದು ನನಗೆ ಕೇಳಿಸಿತು ಎಂಬುದನ್ನು ಇಲ್ಲಿ ಬರೆದಿಡಬೇಕು. ಆದರೆ ವಲ್ಲಿಯೊಳಗೆ ರೈತ ಇನ್ನೊಂದು ಬೆರಳು ಇಳಿಯುವವನಿದ್ದ. ಅವನು ಇಳಿದ, ಸೌದಾ ಮುಗಿಯಿತು. ಅಷ್ಟರಲ್ಲಿ ಹಿತ್ತಲಿನಿಂದ ಬಂದ ಅಕ್ಕ ಒಳಗೆ ಕೂಗಿಕೊಂಡಳು. ಹೋಗಿ ನೋಡಿದರೆ ಹೆಂಡತಿ ಒಲೆಯ ಮುಂದೆ ಬಲಕ್ಕೆ ವಾಲಿ ಬಿದ್ದಿದ್ದಳು. ಹಂಚಿನ ಮೇಲಿನ ರೊಟ್ಟಿ ಸುಟ್ಟು ಹೊಗೆಯಾಡುತ್ತಿತ್ತು.

ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಹೋದವು. ಬಾಯಿ ಓರೆಯಾಯಿತು, ಮಾತು ಪೂರ್ತಿ ನಿಂತಿತು. ಅರ್ಥವೆಲ್ಲ ಆಗುತ್ತಿತ್ತು, ಕಣ್ಣು ನೋಡಿದರೆ ತಿಳಿಯುತ್ತಿತ್ತು. ಊರಿನ ಹಳೆಯ ವೈದ್ಯರು ಬಂದು ಎಣ್ಣೆ, ಲೇಹ ಎಲ್ಲ ಕೊಟ್ಟರು. ಹೋಗುವಾಗ ಜೋಡು ಮೆಟ್ಟುತ್ತ ನನಗೆ ಹೇಳಿದರು:

“ಔಷಧ ನಾ ಕೊಡತೇನಿ, ಬದುಕಸೂದು ಮಾತ್ರ ಅನ್ನ. ಮುಂಜಾನೆ ಐದು ತುತ್ತು, ಸಂಜಿಕ ಐದು ತುತ್ತು ಒಳಗ ಹೋದ್ರ ಮಳಿಗಾಲ ದಾಟತಾಳ. ಹೋಗಲಿಲ್ಲಂದ್ರ ನನ್ನ ಬಾಗಲಕ ಬರಬ್ಯಾಡ್ರಿ. ನೀವು ಮಾತಿನ್ಯಾಗ ಶ್ಯಾಣ್ಯಾ ಇದ್ದೀರಿ, ತಿನಸ್ರಿ.”

“ಒಂದೆರಡು ಕಡಿಮಿ ಆದ್ರ ನಡೀತೈತೇನ್ರಿ?” ಎಂದೆ. ಬಾಯಿಗೆ ಬಂದೇಬಿಟ್ಟಿತು, ಅಭ್ಯಾಸ.

ಅವರು ನನ್ನನ್ನು ನೋಡಿದರು. “ಯಮನ ಕೂಡ ಚೌಕಾಸಿ ಮಾಡ್ರಿ, ನನ್ನ ಕೂಡ ಬ್ಯಾಡ” ಎಂದು ಹೋದರು.

ಹಾಸಿಗೆ ಹಿಡಿದವರು ಮನೆಯಲ್ಲಿರುವವರಿಗೆ ನಾಲ್ಕು ಮಾತು ಹೇಳುತ್ತೇನೆ, ಉಪಯೋಗಕ್ಕೆ ಬರುತ್ತದೆ. ಲಕ್ವದವರನ್ನು ಮಲಗಿಸಿ ತಿನ್ನಿಸಬೇಡಿ. ಬೆನ್ನಿಗೆ ದಿಂಬು ಕೊಟ್ಟು ಕೂಡಿಸಿ. ತುತ್ತನ್ನು ಸತ್ತ ದವಡೆಯ ಕಡೆ ಇಡಬೇಡಿ, ಬದುಕಿದ ದವಡೆಯ ಕಡೆ ಇಡಿ. ತೆಳ್ಳನೆಯ ಗಂಜಿ ನೆತ್ತಿಗೇರುತ್ತದೆ. ನುಚ್ಚಿಗೆ ಮಜ್ಜಿಗೆ ಬೆರೆಸಿ ಹದವಾಗಿ ಗಟ್ಟಿ ಮಾಡಿ. ಒಂದು ತುತ್ತು ಇಳಿದದ್ದನ್ನು ಗಂಟಲು ನೋಡಿ ಖಾತ್ರಿ ಮಾಡಿಕೊಂಡು ಇನ್ನೊಂದು ಇಡಿ. ಇದೆಲ್ಲ ನಾನು ಎಂಟು ದಿನದಲ್ಲಿ ಕಲಿತೆ. ಕಲಿಯುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವನಲ್ಲ. ಅಕ್ಕನ ಕೈಯಿಂದ ಆಕೆ ಬಾಯಿ ತೆರೆಯುತ್ತಿರಲಿಲ್ಲ. ನಾನು ಕುಳಿತರೆ ಒಂದೆರಡು ತುತ್ತು ಇಳಿಯುತ್ತಿದ್ದವು. ಹೀಗಾಗಿ ಪೇಟೆಗೆ ಹೋಗುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ, ಬಟ್ಟಲು ಹಿಡಿದು ಕೂಡುವುದು ನನ್ನ ಪಾಲಿಗೆ ಬಂತು.

ವೈದ್ಯರು ಎಡಗೈಯ ಬೆರಳುಗಳನ್ನೂ ತಿಕ್ಕಲು ಹೇಳಿದ್ದರು. ಒಂದು ಮುಂಜಾನೆ ಹೊದ್ದಿದ್ದ ಕೌದಿಯೊಳಗೆ ಕೈ ಹಾಕಿ ತಿಕ್ಕುತ್ತಿದ್ದಾಗ ಆಕೆ ನನ್ನ ಮೂರು ಬೆರಳು ಹಿಡಿದು ಒತ್ತಿದಳು. ಬಿಟ್ಟಳು. ಮತ್ತೆ ಅದೇ ಮೂರು ಬೆರಳು ಹಿಡಿದು ಒತ್ತಿದಳು. ನರ ಎಳೆದಿರಬೇಕು ಎಂದುಕೊಂಡೆ. ಬಟ್ಟಲು ತಂದು ತಿನ್ನಿಸಲು ಕುಳಿತೆ. ಮೂರನೆಯ ತುತ್ತಿನ ಮೇಲೆ ಬಾಯಿ ಮುಚ್ಚಿದಳು. ಸಂಜೆ ಎರಡು ಬೆರಳು ಒತ್ತಿದಳು. ಎರಡು ತುತ್ತಿಗೆ ಬಾಯಿ ಮುಚ್ಚಿದಳು.

ನಾನು ಬಟ್ಟಲು ಕೆಳಗಿಟ್ಟೆ. ಮೂವತ್ತು ವರ್ಷ ನಾನು ಪಡಸಾಲೆಯಲ್ಲಿ ಕುಳಿತು ಊರೂರಿನವರ ಕೈ ಹಿಡಿದು ವಲ್ಲಿ ಹೊದಿಸಿದ್ದನ್ನು ಈಕೆ ಅಡಿಗೆಮನೆಯ ಬಾಗಿಲಿನಿಂದ ನೋಡಿದ್ದಳು. ವಲ್ಲಿಯ ಮೇಲಿನ ಅಲುಗಾಟ ನೋಡಿ, ಆಮೇಲೆ ನಾನು ಅಕ್ಕನಿಗೆ ಹೇಳಿದ ಬೆಲೆ ಕೇಳಿ, ಎರಡನ್ನೂ ತನ್ನಷ್ಟಕ್ಕೆ ಹೊಂದಿಸಿ ಕಲಿತಿದ್ದಳು. ಪೇಟೆಯಲ್ಲಿ ನನ್ನ ಮಗ್ಗುಲಿಗೇ ನಿಲ್ಲುತ್ತಿದ್ದವರಿಗೆ ಆಗದ ಕೆಲಸ. ಒಂದು ದಿನವೂ ಹೇಳಲಿಲ್ಲ. ನಾನು ಕೇಳಿರಲೂ ಇಲ್ಲ.

ಮರುದಿನ ಮುಂಜಾನೆ ಕೌದಿಯೊಳಗೆ ಕೈ ಹಾಕಿ ನಾನೇ ಮೊದಲು ಹಸ್ತ ಹಿಡಿದು, ಬಿಟ್ಟು, ಮೂರು ಬೆರಳು ಒತ್ತಿದೆ. ಎಂಟು. ಆಕೆ ಗೋಡೆ ನೋಡುತ್ತಿದ್ದಳು. ಒಂದು ಬೆರಳು ಒತ್ತಿದಳು. ನಾನು ಏಳಕ್ಕೆ ಇಳಿದೆ. ಆಕೆ ಒಂದರಲ್ಲೇ ನಿಂತಳು. ಆರು ಎಂದೆ. ಕಿರುಬೆರಳನ್ನು ಸೇರಿಸಿ ಎರಡು ಎಂದಳು, ಅದೂ ಬಹಳ ಉಪಕಾರ ಮಾಡುವವಳಂತೆ. ನಾಲ್ಕಕ್ಕೆ ಮುಗಿಯಿತು. ನಾಲ್ಕನ್ನೂ ತಿಂದಳು, ಒಂದು ಕಾಳು ಉಗುಳಲಿಲ್ಲ. ಕೊಟ್ಟ ಮಾತಿಗೆ ತಪ್ಪುವವಳಾಗಿರಲಿಲ್ಲ.

ಆ ಚೌಕಾಶಿಯ ನಡುವೆ ಅಕ್ಕ ನೀರು ತಂದವಳು ಬಾಗಿಲಲ್ಲಿ ನಿಂತು ನೋಡಿದಳು. “ಗಂಡಾ ಹೆಂಡ್ತಿ ಕೂಡಿ ಕೌದಿ ಒಳಗ ಎತ್ತ ಮಾರಾಕ ಹತ್ತೀರೇನ?” ಎಂದಳು.

“ಸುಮ್ನಿರಕ್ಕಾ, ಸೌದಾ ಕೆಡತೈತಿ.”

“ಯಾರ ಗೆಲ್ಲಾಕ ಹತ್ಯಾರ?”

“ಅಕಿನ. ಇಂಥಾಕಿ ಪ್ಯಾಟಿಗೆ ಬಂದಿದ್ರ ನಾ ದನಾ ಕಾಯಾಕ ಕಿತ್ತೂರಿಗೆ ಹೋಗಬೇಕಾಗತಿತ್ತು.”

ಹೆಂಡತಿಯ ಬಾಯಿಯ ಸರಿಯಿದ್ದ ಬದಿ ಮೇಲಕ್ಕೆ ಹೋಯಿತು. ಅದು ನಗು. ಅರ್ಧ ಮುಖದ ನಗು. ಪೂರ್ತಿ ಮುಖವಿದ್ದಾಗ ಆಕೆ ನನ್ನ ಮಾತಿಗೆ ನಕ್ಕದ್ದು ನನಗೆ ನೆನಪಿಲ್ಲ.

ಹಾಗೆ ಎರಡು ತಿಂಗಳು ನಡೆಯಿತು. ಐದರ ಹತ್ತಿರ ಬಂದೆವು. ಕೆಲವು ದಿನ ಐದೇ. ನಾನು ಮೋಸವನ್ನೂ ಮಾಡಿದೆ. ತುತ್ತನ್ನು ದೊಡ್ಡದು ಮಾಡತೊಡಗಿದೆ. ಮೊದಲ ದಿನ ಸುಮ್ಮನೆ ನುಂಗಿದಳು. ಎರಡನೆಯ ದಿನ ಒಂದು ತುತ್ತು ಇಳಿದ ಕೂಡಲೇ ಕೌದಿಯೊಳಗಿನ ಕೈಯಿಂದ ನನ್ನ ಎರಡು ಬೆರಳು ಹಿಡಿದು ಗಟ್ಟಿಯಾಗಿ ಒತ್ತಿದಳು: ಇದು ಎರಡಕ್ಕೆ ಸಮ, ನನಗೆ ಕಲಿಸಬೇಡ. ನಾನು ತೂಕ ಸರಿಮಾಡಿದೆ. ಒಂದು ದಿನ ಬೆಲ್ಲ ಬೆರೆಸಿದ ಸಜ್ಜಕ ಮಾಡಿಸಿ ತಂದು ಎಂಟಕ್ಕೆ ಕೇಳಿದೆ. ಮೂಗಿನಿಂದ ವಾಸನೆ ಎಳೆದು, ಮಾಲು ನೋಡಿದೆ ಎನ್ನುವಂತೆ ಕಣ್ಣು ಮುಚ್ಚಿ, ಆರಕ್ಕೆ ಒಪ್ಪಿದಳು. ಪೇಟೆಯಲ್ಲಿ ಜೋಡಿಗಳ ನಡುವೆ ನಿಂತಾಗ ನನಗೆ ಸಂಜೆಯ ಚೌಕಾಶಿಯ ಚಿಂತೆ. ಮೊದಲ ಮಾತು ಎಷ್ಟಕ್ಕೆ ಇಡಲಿ, ಎಲ್ಲಿ ಇಳಿಯಲಿ. ಅವತ್ತಿನವರೆಗೆ ಮನೆಗೆ ಬೇಗ ಹೋಗಬೇಕು ಎಂದು ನನಗೆ ಅನ್ನಿಸಿದ್ದಿಲ್ಲ.

ಬದುಕಿನ ಅರ್ಥ ಎಲ್ಲಿದೆ ಎಂದು ಮಠದಲ್ಲಿ ಕುಳಿತು ಕೇಳುವವರನ್ನು ನಾನು ಬಹಳ ನೋಡಿದ್ದೇನೆ. ನನಗೆ ಪುರಾಣ ಬರುವುದಿಲ್ಲ. ಮಜ್ಜಿಗೆ ನುಚ್ಚಿನ ಬಟ್ಟಲು, ಹರಿದ ಸೀರೆಗಳ ಕೌದಿ, ಅದರ ಕೆಳಗೆ ಒಂದು ಹೆಣ್ಣುಕೈ ನಾಲ್ಕೋ ಐದೋ ಎಂದು ಜಗ್ಗಾಡುವುದು. ಇಷ್ಟರಲ್ಲೇ ಅದು ಇತ್ತು, ಎರಡು ತಿಂಗಳು ಇತ್ತು. ಅದಕ್ಕೂ ಹಿಂದಿನ ಮೂವತ್ತು ವರ್ಷಗಳಲ್ಲೂ ಅದು ಅಡಿಗೆಮನೆಯ ಬಾಗಿಲಲ್ಲಿ ನಿಂತೇ ಇತ್ತು. ನಾನು ಬೆನ್ನು ಹಾಕಿ ಕುಳಿತಿದ್ದೆ. ತಿಳಿದಮೇಲಾದರೂ ಅದನ್ನು ಕೈಯಲ್ಲಿಟ್ಟುಕೊಂಡೆನೇ? ಇಲ್ಲ. ಕೇಳಿ.

ಬಿಸಿಲು ಏರಿದಂತೆ ಆಕೆಯ ಹಸಿವು ಇಳಿಯಿತು. ಐದು ನಾಲ್ಕಾಯಿತು, ನಾಲ್ಕು ಮೂರಾಯಿತು. ಕೆನ್ನೆಗಳು ಒಳಗೆ ಹೋದವು. ರೋಹಿಣಿ ಮಳೆಯ ಮೊದಲ ಹನಿ ಬಿದ್ದು, ಬಿತ್ತನೆಗೆಂದು ಎತ್ತುಗಳಿಗೆ ಜನ ಮುಗಿಬೀಳುವ ಹೊತ್ತು. ವರ್ಷದ ದುಡಿಮೆಯಲ್ಲಿ ಅರ್ಧ ಆ ಹದಿನೈದು ದಿನಗಳಲ್ಲೇ ಆಗಬೇಕು. ಸವದತ್ತಿಯ ಪೇಟೆಗೆ ಹೊರಡುವ ದಿನ ಮುಂಜಾನೆ ಆಕೆ ಎರಡು ಬೆರಳು ಒತ್ತಿದಳು. ನನಗೆ ಭಯ ಬಂತು. ಭಯ ಬಂದಾಗ ನಾನು ಗಟ್ಟಿಯಾಗುತ್ತೇನೆ. ಇಡೀ ಹಸ್ತ ಹಿಡಿದೆ. ಎರಡು ಎಂದಳು. ಹಸ್ತ ಹಿಡಿದೆ. ಎರಡು. ಹಸ್ತ. ಮೂರಕ್ಕೆ ಇಳಿಯಬಹುದಿತ್ತು, ಇಷ್ಟು ದಿನ ಹಾಗೇ ಇಳಿದಿದ್ದೆ. ಅವತ್ತು ಇಳಿಯಲಿಲ್ಲ. ಐದಕ್ಕೆ ಕಡಿಮೆ ಬದುಕಿಲ್ಲ ಎಂದು ವೈದ್ಯರು ಹೇಳಿದ್ದು ತಲೆಯಲ್ಲಿ ಕೂತಿತ್ತು.

ಆಕೆ ಕೈಯನ್ನು ಕೌದಿಯಿಂದ ಹೊರಗೆ ತೆಗೆದು ಎದೆಯ ಮೇಲೆ ಇಟ್ಟುಕೊಂಡಳು.

ಅಕ್ಕ ಮಗ್ಗುಲಲ್ಲೇ ಇದ್ದಳು. “ಎರಡ ಅಂದ್ರ ಎರಡ ತಿನಸೋ ತಮ್ಮಾ. ಕೈ ಹಿಡಿ.”

“ಕೈ ತಗದಾಕಿ ಅಕಿ.”

“ತಗದ್ರೇನಾತು? ಹೆಂಡ್ತಿ ಕೈ ಹಿಡಿಯಾಕ ಯಾವ ಮುಹೂರ್ತ ಬೇಕು?”

“ನಿನಗ ತಿಳಿಯೂದಿಲ್ಲ. ಈಗ ಹಿಡದ್ರ ನಾಳೆ ಒಂದಕ್ಕ ಬರತಾಳ. ನಾ ಸವದತ್ತಿಗೆ ಹೋಗಿ ಬರತೇನಿ. ಹಸದ್ರ ತಾನ ಬಾಯಿ ತಗೀತಾಳ. ನೀ ಮಾತ್ರ ಗೋಗರಿಬ್ಯಾಡ.”

ನಾನು ವಲ್ಲಿ ಹೆಗಲಿಗೆ ಹಾಕಿಕೊಂಡು ಎದ್ದೆ. ಹೊಸ್ತಿಲು ದಾಟುವಾಗ ತಿರುಗಿ ನೋಡಲಿಲ್ಲ. ಬೇಸರದಿಂದಲ್ಲ, ಸಿಟ್ಟಿನಿಂದಲೂ ಅಲ್ಲ. ಅದು ಪೇಟೆಯ ನಡೆ. ಆಕೆಗೂ ಅದು ಗೊತ್ತಿತ್ತು. ಮೂವತ್ತು ವರ್ಷ ಅದನ್ನೂ ಬಾಗಿಲಿನಿಂದ ನೋಡಿದ್ದಳಲ್ಲ.

ಸವದತ್ತಿಯಲ್ಲಿ ಕೆಲಸ ಒಂದೇ ದಿನದಲ್ಲಿ ಮುಗಿಯಿತು. ಮರುದಿನ ಬೆಳಿಗ್ಗೆ ಗಾಡಿ ಹೂಡಬಹುದಿತ್ತು. ನಾನು ಬೇಕೆಂದೇ ಇನ್ನೊಂದು ದಿನ ಉಳಿದೆ. ಬೇಗ ಹೋದರೆ ಗಿರಾಕಿಗೆ ಅವಸರವಿದೆ ಎಂದು ತಿಳಿಯುತ್ತದೆ. ಒಂದು ದಿನ ತಡವಾದರೆ ಎರಡು ಬೆರಳಿನವಳು ಮೂರಕ್ಕೆ, ಮೂರರವಳು ನಾಲ್ಕಕ್ಕೆ ಬರುತ್ತಾಳೆ. ಧರ್ಮಶಾಲೆಯ ಕಟ್ಟೆಯ ಮೇಲೆ ಕುಳಿತು ಇದನ್ನೆಲ್ಲ ಬಹಳ ಸಮಾಧಾನದಿಂದ ಯೋಚಿಸಿದೆ. ಸಜ್ಜಕಕ್ಕೆಂದು ಒಳ್ಳೆಯ ಗೋದಿಯ ರವೆಯನ್ನು ಕೊಂಡೆ. ಅಂಗಡಿಯವನು ಸೋಲುವವರೆಗೆ ಜಗ್ಗಿದೆ. ಹೊಟ್ಟೆ ತುಂಬ ಉಂಡೆ. ಚೆನ್ನಾಗಿ ನಿದ್ದೆ ಬಂತು. ಇದನ್ನು ಬರೆಯುವಾಗ ನನಗೆ ಕಷ್ಟ ಕೊಡುತ್ತಿರುವುದು ಆ ನಿದ್ದೆಯೇ.

ಮೂರನೆಯ ದಿನ ಮಲಪ್ರಭೆ ದಾಟಿ ಮಧ್ಯಾಹ್ನ ಮನೆ ಮುಟ್ಟಿದೆ. ಅಕ್ಕ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದಳು. ನನ್ನನ್ನು ನೋಡಿ ಏಳಲಿಲ್ಲ.

“ತಿಂದಳೇನು?” ಎಂದೆ.

“ಒಂದ ಹನಿ ನೀರೂ ಇಳೀವಲ್ದು. ನಿನ್ನಿ ಸಂಜಿಯಿಂದ ಕಣ್ಣೂ ತಗದಿಲ್ಲ.”

“ಅದಕ್ಕೂ ಮೊದಲ?”

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. “ನೀ ಹ್ವಾದ ದಿವಸ ಸಂಜಿಕ ನಾ ಬಟ್ಲಾ ತಂದೆ. ಬಾಯಿ ತಗೀಲಿಲ್ಲ. ನೀ ಹೇಳಿದ್ದೆಲ್ಲೋ, ನಾನೂ ಗೋಗರಿಲಿಲ್ಲ. ಕೈ ಮಾತ್ರ ಹಿಡಕೊಂಡ್ಲು. ನನ್ನ ಮೂರು ಬೆರಳ ಹಿಡದು ಹಿಂಡಿದ್ಲು. ನೋವ ಇರಬೇಕಂತ ಎಣ್ಣಿ ಹಚ್ಚಿದೆ. ಮುಂಜಾನೆ ಮತ್ತ ಹಿಡದ್ಲು, ನಾಕು ಬೆರಳು. ನನ್ನ ಮಾರಿ ನೋಡತಿದ್ಲು. ಏನ ಬೇಕವ್ವಾ ಅಂದೆ, ಮತ್ತ ಅದ ನಾಕು. ನನಗ ನಿಮ್ಮ ವಿದ್ಯಾ ಎಲ್ಲಿ ಗೊತ್ತೋ ತಮ್ಮಾ. ಮಧ್ಯಾಹ್ನಕ್ಕ ಇಡೀ ಕೈನ ಹಿಡಕೊಂಡ್ಲು. ಬಿಡಲಿಲ್ಲ, ಬಾಳೊತ್ತು ಬಿಡಲಿಲ್ಲ. ಅಂಜಿಕಿ ಬಂದೈತೇನೋ ಅಂತ ನಾ ತಲಿ ಸವರಿದೆ. ಸಂಜಿಮುಂದ ತಾನ ಬಿಟ್ಲು.”

ನಾನು ಗಾಡಿಯ ಚಕ್ರ ಹಿಡಿದು ನಿಂತೆ. ನನ್ನ ಉಪಾಯ ತಪ್ಪಾಗಿರಲಿಲ್ಲ. ಆಕೆ ಮೂರಕ್ಕೆ ಬಂದಿದ್ದಳು. ನಾಲ್ಕಕ್ಕೆ ಬಂದಿದ್ದಳು. ಕೊನೆಗೆ ನಾನು ಕೇಳಿದ ಐದಕ್ಕೇ ಬಂದು, ಹಸ್ತ ಹಿಡಿದು, ಮಧ್ಯಾಹ್ನದಿಂದ ಸಂಜೆಯವರೆಗೆ ನನ್ನನ್ನು ಕೂಗಿದ್ದಳು. ಅದೇ ಹೊತ್ತಿಗೆ ನಾನು ಸವದತ್ತಿಯಲ್ಲಿ ರವೆಗೆ ಜಗ್ಗುತ್ತಿದ್ದೆ.

ಒಳಗೆ ಹೋಗಿ ಕೌದಿಯೊಳಗೆ ಕೈ ಹಾಕಿದೆ. ಕೈ ಬೆಚ್ಚಗಿತ್ತು. ಎರಡು ಬೆರಳು ಒತ್ತಿದೆ. ಎರಡೇ ಸಾಕು ಎಂದೆ, ಬಾಯಿಂದಲೂ ಹೇಳಿದೆ. ಒಂದು ಒತ್ತಿದೆ. ಆಮೇಲೆ ಏನೂ ಒತ್ತದೆ ಕೈಯನ್ನು ಸುಮ್ಮನೆ ಆಕೆಯ ಕೈಯೊಳಗೆ ಇಟ್ಟೆ, ನೀನೇ ಹೇಳು, ಎಷ್ಟಾದರೂ ಹೇಳು ಎಂದು. ಬದುಕಿನಲ್ಲಿ ಮೊದಲ ಸಲ ನಾನು ಬೆಲೆಯನ್ನು ಎದುರಿನವರ ಮೇಲೆ ಬಿಟ್ಟೆ. ಆ ಬೆರಳುಗಳು ಹತ್ತಿಯ ಹಾಗೆ ಇದ್ದವು. ವೈದ್ಯರನ್ನು ಕರೆಸಿದೆ. ಅವರು ನಾಡಿ ನೋಡಿ, ನನಗೇನೂ ಹೇಳದೆ, ಅಕ್ಕನಿಗೆ ತುಳಸಿಯ ನೀರು ತುಟಿಗೆ ಹಚ್ಚು ಎಂದು ಹೇಳಿ ಹೋದರು. ಮರುದಿನ ಮುಂಜಾನೆ, ನಾವು ಬಟ್ಟಲು ಹಿಡಿದು ಕೂಡುತ್ತಿದ್ದ ಹೊತ್ತಿಗೆ, ಉಸಿರು ನಿಂತಿತು.

ನಮ್ಮಲ್ಲಿ ಸುಡುವುದಿಲ್ಲ, ಕೂಡಿಸಿ ಮಣ್ಣು ಮಾಡುತ್ತೇವೆ. ಕುಣಿಯಲ್ಲಿ ಕೂಡಿಸಿದ ಮೇಲೆ ಕೊರಳಿನ ಲಿಂಗವನ್ನು ಬಿಚ್ಚಿ ಎಡಗೈಯ ಮೇಲೆ ಇಡುವುದು ಪದ್ಧತಿ. ಕ್ರಿಯೆ ಮಾಡಿಸಲು ಬಂದ ಅಯ್ಯನವರು, “ಬೆರಳು ಮಡಚ್ಯಾವ, ಯಾರರ ಬಿಡಸ್ರಿ” ಎಂದರು. ನಾನೇ ಇಳಿದೆ. ಮೊದಲ ಬೆರಳು ಬಿಡಿಸಿದೆ. ಎರಡನೆಯದು, ಮೂರನೆಯದು. ತುಟಿಯೊಳಗೆ ಎಣಿಸುತ್ತಿದ್ದೇನೆ ಎಂಬುದು ನಾಲ್ಕಕ್ಕೆ ಬಂದಾಗ ತಿಳಿಯಿತು. ಅಯ್ಯನವರು ಲಿಂಗವಿಟ್ಟರು, ವಿಭೂತಿ ಹಾಕಿದರು. ಜನ ಮಣ್ಣು ಕೊಟ್ಟರು.

ಸಮಾಧಾನ ಹೇಳಲು ಬಂದವರೆಲ್ಲ ಒಂದೇ ಮಾತು ಹೇಳಿದರು: ನೀವು ಕೈಯಾರೆ ತಿನ್ನಿಸಿದಿರಿ, ಯಾವ ಗಂಡಸು ಇಷ್ಟು ಮಾಡುತ್ತಾನೆ, ಪುಣ್ಯವಂತರು. ನಾನು ತಲೆ ಅಲ್ಲಾಡಿಸಿದೆ. ನಡೆದದ್ದನ್ನು ಬಿಡಿಸಿ ಹೇಳಿದರೂ ಅವರಿಗೆ ತಿಳಿಯುತ್ತಿರಲಿಲ್ಲ. ಇಬ್ಬರು ದಲಾಲರಿದ್ದರು, ಅವರಿಗೆ ತಿಳಿಯುತ್ತಿತ್ತು, ಅವರಿಗೆ ಹೇಳಲಿಲ್ಲ.

ಹದಿನೈದು ದಿನ ಬಿಟ್ಟು ಪೇಟೆಗೆ ಹೋದೆ. ಸಂಗೊಳ್ಳಿಯ ಕಡೆಯ ರೈತನೊಬ್ಬ ಬಿಳಿಯ ಜೋಡಿ ತಂದಿದ್ದ. ಕೊಳ್ಳುವವರೊಬ್ಬರು ನನ್ನನ್ನು ಮುಂದೆ ಬಿಟ್ಟಿದ್ದರು. ಕೈ ಹಿಡಿದು ವಲ್ಲಿ ಹೊದಿಸಿದೆ. ಅವನು ತನ್ನ ಬೆಲೆ ಒತ್ತಿದ. ನಾನು ಅದನ್ನೇ ತಿರುಗಿ ಒತ್ತಿದೆ. ಇಳಿಸುವ ಶಕ್ತಿ ಬೆರಳಿಗೆ ಬರಲಿಲ್ಲ.

ಅವನು ಗಾಬರಿಯಾಗಿ ಕೈ ತೆಗೆದ. “ಇಲ್ರಿ, ಕೊಡೂದಿಲ್ರಿ.”

“ಯಾಕಪಾ, ನೀ ಹೇಳಿದ್ದಕ್ಕ ಒಪ್ಪೇನಲ್ಲ.”

“ಅದಕ್ಕ ಕೊಡೂದಿಲ್ಲ ಅನ್ನಾಕ ಹತ್ತೇನ್ರಿ. ನಿಮ್ಮಂಥವರು ಒಂದ ಮಾತಿಗೆ ಹೂಂ ಅಂದ್ರಂದ್ರ ನಾ ಎಲ್ಲೋ ತಪ್ಪಿ ಕಡಿಮಿ ಹೇಳೇನಿ.”

ಜೋಡಿ ಹೊಡೆದುಕೊಂಡು ಹೋದ. ಅವನದು ತಪ್ಪಲ್ಲ, ಅವನ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಕೊಳ್ಳಲು ಬಂದವರು ನನ್ನ ಮುಖ ನೋಡಿ ಬೇರೆ ದಲಾಲನನ್ನು ಹುಡುಕಿಕೊಂಡರು. ಆಮೇಲೆ ನಾನು ಯಾರ ಕೈಯನ್ನೂ ಹಿಡಿದಿಲ್ಲ. ಹುಡುಗರು ಸಲಹೆ ಕೇಳಿ ಬರುತ್ತಾರೆ, ಹೇಳುತ್ತೇನೆ. ಹೇಳದೆ ಇರಲು ನನಗೆ ಬರುವುದಿಲ್ಲ. ಹಲ್ಲು ಹೀಗೆ ನೋಡು, ಗೊರಸು ಹೀಗೆ ಎತ್ತು. ಬೆನ್ನು ತೋರಿಸುವ ಪಾಠವನ್ನೂ ಹೇಳಿಕೊಡುತ್ತೇನೆ, ಅದಿಲ್ಲದೆ ಪೇಟೆಯಲ್ಲಿ ಹೊಟ್ಟೆ ತುಂಬುವುದಿಲ್ಲ. ಮನೆಯ ಹೊಸ್ತಿಲೊಳಗೆ ಅದನ್ನು ತರಬೇಡ ಎಂದೂ ಸೇರಿಸುತ್ತೇನೆ. ಮುದುಕನಿಗೆ ವಯಸ್ಸಾಯಿತು ಎನ್ನುವಂತೆ ಅವರು ನೋಡುತ್ತಾರೆ. ಇಪ್ಪತ್ತೈದನೆಯ ವಯಸ್ಸಿನಲ್ಲಿ ನನಗೆ ಯಾರಾದರೂ ಹೀಗೆ ಹೇಳಿದ್ದರೆ ನಾನೂ ಹಾಗೆಯೇ ನೋಡುತ್ತಿದ್ದೆ. ಆದ್ದರಿಂದ ಈ ಬರಹದಿಂದ ಯಾರಿಗಾದರೂ ಪ್ರಯೋಜನವಾದೀತು ಎಂಬ ಭ್ರಮೆ ನನಗಿಲ್ಲ.

ಮೊನ್ನೆ ಅಕ್ಕ ಕಾಳು ಹಸನು ಮಾಡುತ್ತಿದ್ದವಳು ಮೊರ ಬದಿಗಿಟ್ಟು ನನ್ನ ಎದುರು ಬಂದು ಕುಳಿತಳು.

“ಆ ಬೆರಳಿನ ಮಾತು ನನಗೂ ಕಲಸೋ” ಎಂದಳು.

“ಈಗ್ಯಾಕಕ್ಕಾ?”

“ನಾಳೆ ನಿನಗ ಮಾತು ಹ್ವಾದ್ರ ನಾ ಮತ್ತ ಎಣ್ಣಿ ಹಚ್ಚಿಕೋತ ಕುಂಡ್ರಲೇನು?”

ಅಳದೆ ಹೇಳಿದಳು, ಜೋಳ ಮುಗಿದಿದೆ ಎಂದು ಹೇಳುವ ಹಾಗೆ. ನಾನು ಆಕೆಯ ಕೈಯನ್ನು ತೆಗೆದುಕೊಂಡು ಮೇಲೆ ವಲ್ಲಿ ಹೊದಿಸಿದೆ. ಒಂದು ಬೆರಳು ಒತ್ತಿ ಒಂದು ಎಂದೆ. ಎರಡು ಒತ್ತಿ ಎರಡು ಎಂದೆ. ಅಕ್ಕನ ಬೆರಳುಗಳು ಬಿರುಸು, ತಲೆ ಮಂದ. ಮೂರಕ್ಕೂ ನಾಲ್ಕಕ್ಕೂ ತಪ್ಪುತ್ತಾಳೆ, ಮತ್ತೆ ಮೊದಲಿನಿಂದ ಹಿಡಿಯಬೇಕಾಗುತ್ತದೆ. ದಿನವೂ ಊಟವಾದ ಮೇಲೆ ಸ್ವಲ್ಪ ಹೊತ್ತು ಕೂಡುತ್ತೇವೆ. ನಾಲ್ಕರವರೆಗೆ ಕಲಿಸಿದ್ದೇನೆ. ಅದರ ಮುಂದಿನದನ್ನು, ಇಡೀ ಹಸ್ತ ಹಿಡಿಯುವುದನ್ನು, ಆಕೆ ಕೇಳುತ್ತಾಳೆ, ನಾಳೆ ಎನ್ನುತ್ತೇನೆ.